ಅಟ್ಟದ ಟ್ರಂಕು: ಏನು ಮಾಡಿದೆ, ಏನು ಕೆಡಿಸಿದೆ

ಕೋಲಾರದಲ್ಲಿ ನನ್ನದು ಮೋಟರ್ ರಿವೈಂಡಿಂಗ್ ಅಂಗಡಿ. ನಮ್ಮ ಕಡೆ ಬೋರ್‌ವೆಲ್ ಆಳಕ್ಕೆ ಇಳಿದಷ್ಟೂ ಮೋಟರುಗಳು ಸುಡುತ್ತವೆ, ಕೆಲಸಕ್ಕೆ ಬರವಿಲ್ಲ. ಸುಟ್ಟ ಮೋಟರು ಬಂದರೆ ಹಳೆಯ ತಂತಿಗೆ ಕತ್ತರಿ ಹಾಕುವ ಮೊದಲೇ ಎಷ್ಟು ಸ್ಲಾಟು, ಒಂದು ಕಾಯಿಲಿಗೆ ಎಷ್ಟು ಸುತ್ತು, ಎಷ್ಟು ಗೇಜಿನ ತಂತಿ, ಯಾವ ತುದಿ ಯಾವುದಕ್ಕೆ ಸೇರಿದೆ ಎಂದು ಚೀಟಿಯಲ್ಲಿ ಬರೆದುಕೊಳ್ಳಬೇಕು. ಬರೆಯದೆ ಬಿಚ್ಚಿದರೆ ಆ ಮೋಟರು ಗುಜರಿಗೇ ಸರಿ. ಅಂಗಡಿಗೆ ಸೇರುವ ಹುಡುಗರಿಗೆ ಮೊದಲ ದಿನದ ಪಾಠ ಇದು. ಇಪ್ಪತ್ತೆರಡು ವರ್ಷದಿಂದ ಈ ಪಾಠ ಒಪ್ಪಿಸುತ್ತಾ ಬಂದ ನಾನು, ನಮ್ಮದೇ ಮನೆಯ ಟ್ರಂಕು ಬಿಚ್ಚುವಾಗ ಒಂದು ಸಾಲೂ ಬರೆದುಕೊಳ್ಳಲಿಲ್ಲ. ಆಮೇಲಿನ ಆರು ತಿಂಗಳ ಭಾನುವಾರಗಳಲ್ಲಿ ಅರ್ಧ ಆ ತಪ್ಪಿಗೇ ಹೋದವು. ಆದ್ದರಿಂದ ಈಗಲಾದರೂ ಬರೆದಿಡುತ್ತಿದ್ದೇನೆ.

1. ಮೇ 11, 2025, ಭಾನುವಾರ

ಮುಳಬಾಗಿಲು ರಸ್ತೆಯ ಕಡೆ ನಮ್ಮ ಹಳ್ಳಿ. ಅಲ್ಲಿ ತಾತನ ಕಾಲದ ಮಾಳಿಗೆ ಮನೆ. ಹೋದ ಮಳೆಗಾಲದಲ್ಲಿ ಒಂದು ಅಂಕಣದ ಮಾಳಿಗೆ ಕುಸಿಯಿತು. ಉಳಿದದ್ದನ್ನೂ ಇಳಿಸಿ ಶೀಟು ಹಾಕಿಸುವುದೆಂದು ಅಪ್ಪ ತೀರ್ಮಾನಿಸಿದರು. ಅಟ್ಟ ಖಾಲಿ ಮಾಡುವಾಗ ಒಡೆದ ಒನಕೆ, ಎರಡು ಕೊಳಗ, ಒಂದು ತಗಡಿನ ಟ್ರಂಕು ಸಿಕ್ಕವು. ಟ್ರಂಕು 30 ಅಂಗುಲ ಉದ್ದ, 18 ಅಂಗುಲ ಅಗಲ, 12 ಅಂಗುಲ ಎತ್ತರ. ಬೀಗದ ಕೈ ಎಲ್ಲಿದೆಯೋ ಯಾರಿಗೂ ಗೊತ್ತಿಲ್ಲ. ಹ್ಯಾಕ್ಸಾ ಬ್ಲೇಡಿನಲ್ಲಿ ಕೊಂಡಿ ಕೊಯ್ದೆ, ಐದು ನಿಮಿಷದ ಕೆಲಸ.

ಒಳಗೆ ಬಟ್ಟೆಯಲ್ಲಿ ಕಟ್ಟಿದ ನಾಲ್ಕು ಗಂಟು, ಚೌಕಟ್ಟು ಹಾಕಿದ ಎರಡು ದೊಡ್ಡ ಫೋಟೋ, ತಳದಲ್ಲಿ ಕರಿಯ ಬಣ್ಣದ ಒಂದು ದಪ್ಪ ಮಡಿಪು. ಗಂಟುಗಳನ್ನು ಬಿಚ್ಚಿ ಎಲ್ಲವನ್ನೂ ಚಾಪೆಯ ಮೇಲೆ ಸುರಿದೆ. ಫೋಟೋ ಒಂದು ಕಡೆ, ಕಾಗದಪತ್ರ ಒಂದು ಕಡೆ, ಟಪಾಲು ಒಂದು ಕಡೆ. ಅರ್ಧ ಗಂಟೆಯಲ್ಲಿ ಎಲ್ಲ ಅಚ್ಚುಕಟ್ಟು. ಗಂಟಿನ ಬಟ್ಟೆಗಳನ್ನು ಹೆಂಡತಿ ಒಗೆಯಲು ಹಾಕಿದಳು. ಸಂಜೆ ಅಪ್ಪ ಬಂದು ನೋಡಿ, "ಕೆಂಪು ವಸ್ತ್ರದ ಗಂಟು ನಿಮ್ಮಜ್ಜಿಯ ತವರಿನದು. ಅದರಲ್ಲಿದ್ದದ್ದು ಯಾವುದು?" ಎಂದು ಕೇಳಿದರು. ನಾನು ಅಚ್ಚುಕಟ್ಟಾದ ಮೂರು ರಾಶಿಗಳ ಮುಂದೆ ಕೈಕಟ್ಟಿ ಕುಳಿತಿದ್ದೆ.

ಅದೇ ದಿನದ ಎರಡನೆಯ ತಪ್ಪು ಇನ್ನೂ ದೊಡ್ಡದು. ಆ ಕರಿಯ ಮಡಿಪನ್ನು ಎಣ್ಣೆ ಜಿಡ್ಡಿನ ಬಟ್ಟೆ ಎಂದುಕೊಂಡು, ಕೈಗೆ ಸಿಕ್ಕ ಬನಿಯನ್ ವೇಸ್ಟಿನಿಂದ ಮೊದಲ ಪುಟವನ್ನು ಚೆನ್ನಾಗಿ ಒರೆಸಿದೆ. ಒರೆಸಿದ ಬಟ್ಟೆ ಬೆಳ್ಳಗಾಯಿತು! ಕೊಳೆಯಾಗಿದ್ದರೆ ಕಪ್ಪಾಗಬೇಕಿತ್ತಲ್ಲ ಎಂದು ಎರಡನೆಯ ಪುಟ ತೆರೆದು ನೋಡಿದರೆ ಸಾಲು ಸಾಲು ಬಿಳಿಯ ಅಕ್ಷರ. ಅದು ಕಡತ. ಬಟ್ಟೆಗೆ ಹುಣಸೆಬೀಜದ ಅಂಟು ಮತ್ತು ಇದ್ದಿಲ ಪುಡಿ ಬಳಿದು ಗಟ್ಟಿ ಮಾಡಿ, ಬೀಸಣಿಗೆಯ ಹಾಗೆ ಹಿಂದೆ ಮುಂದೆ ಮಡಿಸಿ, ಬಳಪದಿಂದ ಬರೆಯುತ್ತಿದ್ದ ಲೆಕ್ಕದ ಪುಸ್ತಕ. ಮೈಸೂರು ಸೀಮೆಯ ಶಾನುಭೋಗರು, ವರ್ತಕರು ಬಳಸುತ್ತಿದ್ದದ್ದು. ಅಳಿಸಿ ಮತ್ತೆ ಬರೆಯಬಹುದು ಎಂಬುದೇ ಅದರ ಅನುಕೂಲ. ಆ ಅನುಕೂಲವನ್ನು ನಾನು ಸಂಪೂರ್ಣವಾಗಿ ಬಳಸಿಕೊಂಡೆ. ತಾಲ್ಲೂಕು ಕಚೇರಿಯಲ್ಲಿ "ಕಡತ ನಾಪತ್ತೆ" ಎಂದಾಗಲೆಲ್ಲ ರೇಗುತ್ತಿದ್ದವನು ಸ್ವಂತ ಕೈಯಿಂದ ಕಡತವೊಂದರ ಪುಟ ನಾಪತ್ತೆ ಮಾಡಿದ್ದೆ.

ಉಳಿದ ಪುಟಗಳಲ್ಲಿ ರಾಗಿ ಸಾಲದ ಲೆಕ್ಕ: ಹೆಸರು, ಕೊಳಗ, ಸೇರು. ಯಾರಿಗೂ ಮುಟ್ಟಲು ಬಿಡದೆ ಬಿಳಿ ಹತ್ತಿ ಬಟ್ಟೆಯಲ್ಲಿ ಸುತ್ತಿಟ್ಟೆ.

2. ಮೇ 18ರಿಂದ ಜೂನ್ 8

ಮೊದಲು ಎಣಿಕೆ. ಫೋಟೋ 214, ನೆಗೆಟಿವ್ 36, ಟಪಾಲು 61, ಇತರ ಕಾಗದ 97, ಕಡತ ಒಂದು. ಚೌಕಟ್ಟಿನವು 214ರಲ್ಲೇ ಸೇರಿವೆ.

ಒಂದು ಮೂಲೆಯ ಕಾಗದಗಳಿಗೆ ಮಳೆನೀರು ಇಳಿದಿತ್ತು. ಬಿಸಿಲಿಗೆ ಹಾಕಿದೆ. ಹತ್ತು ನಿಮಿಷದಲ್ಲಿ ಐದು ಫೋಟೋಗಳು ಹಪ್ಪಳದಂತೆ ಸುರುಳಿಯಾದವು. ಎತ್ತಿಕೊಂಡು ಓಡಿ ನೆರಳಿಗೆ ಹಾಕಿದೆ. ಆಮೇಲೆ ಮಾಡಿದ್ದು ಇಷ್ಟು: ಅಚ್ಚಾಗದ ಬಿಳಿ ಹಾಳೆಗಳ ನಡುವೆ ಒಂದೊಂದನ್ನೇ ಇಟ್ಟು, ಮೇಲೆ ಪ್ಲೈವುಡ್ ತುಂಡು, ಅದರ ಮೇಲೆ ಸುಟ್ಟ ಮೋಟರಿನಿಂದ ತೆಗೆದ ಸ್ಟಾಂಪಿಂಗ್ ತಗಡುಗಳ ಕಟ್ಟು, ಸುಮಾರು ನಾಲ್ಕು ಕಿಲೋ. ಹಾಳೆಗಳನ್ನು ದಿನಕ್ಕೊಮ್ಮೆ ಬದಲಿಸುವುದು. ಸುರುಳಿಯಾದ ಐದರಲ್ಲಿ ನಾಲ್ಕು ಎರಡು ವಾರದಲ್ಲಿ ಸಪಾಟಾದವು. ಒಂದರ ಮೇಲ್ಪದರ ಬಿರುಕು ಬಿಟ್ಟಿತು. ಹಳೆಯ ದಿನಪತ್ರಿಕೆ ಬಳಸಬೇಡಿ, ಮಸಿ ಅಂಟುತ್ತದೆ. ಇದನ್ನೂ ಒಂದು ಕಾಗದ ಕೆಡಿಸಿಯೇ ಕಲಿತೆ.

ಧೂಳು ತೆಗೆಯಲು ಒಂದು ಅಂಗುಲದ ಮೆತ್ತನೆಯ ಪೇಂಟ್ ಬ್ರಷ್, ಮೂಗಿಗೆ ಮಾಸ್ಕ್. ನಡುವಿನಿಂದ ಅಂಚಿನ ಕಡೆಗೆ ಮಾತ್ರ ಗುಡಿಸಬೇಕು. ಬೂಷ್ಟು ಹಿಡಿದವನ್ನು ಬೇರೆ ಡಬ್ಬದಲ್ಲಿಟ್ಟೆ. ಟ್ರಂಕಿನ ತಳದಲ್ಲಿ ಯಾರೋ ಹಿರಿಯರು ಬಜೆ ಬೇರು, ಬೇವಿನ ಎಲೆ ಹಾಕಿದ್ದರು. ಎಲೆ ಪುಡಿಯಾಗಿತ್ತು, ಬಜೆಗೆ ಇನ್ನೂ ವಾಸನೆ ಇತ್ತು. ಗೆದ್ದಲು ಆ ಮೂಲೆಗೆ ಬಂದಿರಲಿಲ್ಲ. ಬಜೆಯ ಗುಣವೋ, ತಗಡಿನ ಗುಣವೋ, ಹೇಳಲಾರೆ.

3. ಜೂನ್ 15: ಗಾಜಿಗೆ ಅಂಟಿದ ಫೋಟೋ

ಈ ದಿನದ್ದನ್ನು ಬರೆಯಲು ಮನಸ್ಸಿಲ್ಲ, ಆದರೂ ಬರೆಯುತ್ತೇನೆ.

ಬೆಂಗಳೂರಿನಿಂದ 2,800 ರೂಪಾಯಿಗೆ ಬಳಸಿದ ಸ್ಕ್ಯಾನರ್ ತಂದಿದ್ದೆ. ತೆಳ್ಳನೆಯ ಬಗೆಯದು. ಬಿಡಿ ಫೋಟೋಗಳಿಗೆ ಬಹಳ ಚೆನ್ನಾಗಿದೆ. ಆದರೆ ಗಾಜಿಗೆ ಮೈತಾಗಿಸಿ ಮಲಗಿದ್ದಷ್ಟೇ ಅದಕ್ಕೆ ಸ್ಪಷ್ಟವಾಗಿ ಕಾಣುತ್ತದೆ, ಎರಡು ಮಿಲಿಮೀಟರ್ ಎತ್ತರದಲ್ಲಿದ್ದರೂ ಮಸುಕು. ಚೌಕಟ್ಟಿನ ಫೋಟೋ ಎರಡೂ ತೇವಕ್ಕೆ ತಮ್ಮ ಗಾಜಿಗೆ ಅಂಟಿಕೊಂಡಿದ್ದವು. ಗಾಜಿನ ದಪ್ಪ ಎರಡು ಮಿಲಿಮೀಟರ್. ಒಂದನ್ನು ಸ್ಕ್ಯಾನ್ ಮಾಡಿದರೆ ಮಂಜಿನೊಳಗೆ ಇಬ್ಬರು ಕುಳಿತಂತೆ ಬಂತು.

ಅದು ತಾತ ಅಜ್ಜಿಯ ಮದುವೆಯ ಹೊಸದರ ಫೋಟೋ. ಕಪ್ಪು ಬಿಳುಪಿನ ಚಿತ್ರಕ್ಕೆ ಸ್ಟುಡಿಯೋದವರು ಕೈಯಿಂದ ಬಣ್ಣ ಹಾಕಿದ್ದರು: ಅಜ್ಜಿಯ ಸೀರೆಗೆ ಹಸಿರು, ಅಂಚಿಗೆ ಅರಿಶಿನ, ತಾತನ ಪೇಟಕ್ಕೆ ನಸುಗೆಂಪು. "ನೀರಿನಲ್ಲಿ ನೆನೆಸಿದರೆ ಫೋಟೋ ಬಿಡುತ್ತದೆ" ಎಂದು ಪರಿಚಯದವರೊಬ್ಬರು ಹೇಳಿದ್ದರು. ಹೇಳಿದವರದು ತಪ್ಪಲ್ಲ, ಬಣ್ಣ ಹಾಕಿದ ಫೋಟೋ ಎಂದು ನಾನು ಹೇಳಿರಲಿಲ್ಲ. ಅಗಲವಾದ ಪ್ಲಾಸ್ಟಿಕ್ ತಟ್ಟೆಯಲ್ಲಿ ತಣ್ಣೀರು ಹಾಕಿ ಗಾಜಿನ ಸಮೇತ ಮುಳುಗಿಸಿದೆ. ಕಾಫಿ ಕುಡಿದು ಬರುವಷ್ಟರಲ್ಲಿ, ಹೆಚ್ಚೆಂದರೆ ಇಪ್ಪತ್ತು ನಿಮಿಷ, ತಟ್ಟೆಯ ನೀರು ಎಳೆಯ ಎಳನೀರಿಗೆ ಹಸಿರು ಬೆರೆಸಿದ ಹಾಗಾಗಿತ್ತು. ಸೀರೆ ಬೂದಿಬಣ್ಣ. ಗಾಬರಿಯಲ್ಲಿ ಮೂಲೆ ಹಿಡಿದು ಎಳೆದೆ. ತಾತನ ಎಡಗೈ ಗಾಜಿನ ಮೇಲೆಯೇ ಉಳಿಯಿತು.

ಅಪ್ಪ ಬೈಯಲಿಲ್ಲ. ತಟ್ಟೆಯ ನೀರನ್ನು ತುಳಸಿ ಗಿಡಕ್ಕೆ ಹಾಕಿ ಬಂದರು.

ಆ ಮಂಜು ಮಂಜಾದ ಸ್ಕ್ಯಾನನ್ನು ಅಳಿಸುವುದು ಮರೆತಿದ್ದೆ. ಈಗ ಆ ಸೀರೆ ಹಸಿರು ಎನ್ನುವುದಕ್ಕೆ ಉಳಿದಿರುವ ಸಾಕ್ಷಿ ಅದೊಂದೇ. ಕೆಟ್ಟ ಸ್ಕ್ಯಾನುಗಳನ್ನು ಅಂದಿನಿಂದ ಅಳಿಸುವುದಿಲ್ಲ.

4. ಜೂನ್ 22ರಿಂದ ಜುಲೈ 20: ಡ್ರಿಲ್ ಸ್ಟ್ಯಾಂಡಿನಲ್ಲಿ ಮೊಬೈಲು

ಎರಡನೆಯ ಚೌಕಟ್ಟನ್ನು ಬಿಚ್ಚುವ ಮಾತೇ ಇಲ್ಲ ಎಂದು ನಿರ್ಧರಿಸಿ, ಗಾಜಿನ ಮೇಲಿನಿಂದಲೇ ಫೋಟೋ ತೆಗೆಯಲು ಒಂದು ವ್ಯವಸ್ಥೆ ಮಾಡಿದೆ. ಅಂಗಡಿಯಲ್ಲಿ ಕೈ ಡ್ರಿಲ್ಲನ್ನು ನಿಲ್ಲಿಸಿ ತೂತು ಕೊರೆಯುವ ಕಬ್ಬಿಣದ ಸ್ಟ್ಯಾಂಡ್ ಇತ್ತು. ಡ್ರಿಲ್ ತೆಗೆದು ಆ ಜಾಗಕ್ಕೆ ಮೊಬೈಲು ಹಿಡಿಯುವ ಕ್ಲಾಂಪ್ ಬಿಗಿದೆ. ಹಿಡಿ ತಿರುಗಿಸಿದರೆ ಮೇಲೆ ಕೆಳಗೆ ಹೋಗುತ್ತದೆ, ಅಲುಗಾಡುವುದಿಲ್ಲ. ಕೆಳಗಿನ ತಟ್ಟೆಯೂ ಮೊಬೈಲೂ ಒಂದೇ ಮಟ್ಟದಲ್ಲಿವೆಯೇ ಎಂದು ಸ್ಪಿರಿಟ್ ಲೆವೆಲ್ ಇಟ್ಟು ನೋಡಿಕೊಂಡೆ. ಮಟ್ಟ ತಪ್ಪಿದರೆ ಫೋಟೋದ ಒಂದು ಅಂಚು ಗಿಡ್ಡವಾಗುತ್ತದೆ.

ಬೆಳಕಿಗೆ ಎರಡು 9 ವಾಟಿನ ಎಲ್‌ಇಡಿ ಬಲ್ಬು, ಎಡಕ್ಕೊಂದು ಬಲಕ್ಕೊಂದು, 45 ಡಿಗ್ರಿ ಓರೆಯಲ್ಲಿ. ತೆಗೆದ ಚಿತ್ರಗಳ ಮೇಲೆಲ್ಲ ಅಡ್ಡಡ್ಡ ಪಟ್ಟೆ! ಮೊಬೈಲಿನ ದೋಷವೆಂದು ಎರಡು ಭಾನುವಾರ ಅದನ್ನೇ ಬೈದೆ. ನಮ್ಮ ಮನೆಗಳಿಗೆ ಬರುವ ಕರೆಂಟು ಸೆಕೆಂಡಿಗೆ 50 ಆವರ್ತದ್ದು. ಅಗ್ಗದ ಎಲ್‌ಇಡಿ ಬಲ್ಬು ಆ ಲೆಕ್ಕದಲ್ಲಿ ಸೆಕೆಂಡಿಗೆ 100 ಸಲ ಮಿನುಗುತ್ತದೆ. ಕಣ್ಣಿಗೆ ಕಾಣದ್ದು ಕ್ಯಾಮೆರಾಗೆ ಕಾಣುತ್ತದೆ. ಕರೆಂಟಿನಲ್ಲೇ ಹೊಟ್ಟೆ ಹೊರೆಯುವವನಿಗೆ ಇದು ಹೊಳೆಯಲು ಹದಿನಾಲ್ಕು ದಿನ ಬೇಕಾಯಿತು. ಸ್ಕೂಟರಿನ 12 ವೋಲ್ಟ್ ಬ್ಯಾಟರಿಗೆ ಎಲ್‌ಇಡಿ ಪಟ್ಟಿ ಸೇರಿಸಿದೆ, ಪಟ್ಟೆ ಮಾಯ. ಬೆಳಕಿನ ಮುಂದೆ ಬಟರ್ ಪೇಪರ್ ಕಟ್ಟಿದರೆ ನೆರಳು ಮೆತ್ತಗಾಗುತ್ತದೆ.

ಗಾಜಿನಲ್ಲಿ ಸ್ಟ್ಯಾಂಡಿನ ಪ್ರತಿಬಿಂಬ ಬೀಳುತ್ತಿತ್ತು. ಎರಡು ಮೀಟರ್ ಕಪ್ಪು ಬಟ್ಟೆ (160 ರೂಪಾಯಿ) ತಂದು, ನಡುವೆ ಮೊಬೈಲಿನ ಕಣ್ಣಿನಷ್ಟೇ ತೂತು ಮಾಡಿ, ಸ್ಟ್ಯಾಂಡಿಗೆ ಪರದೆಯಂತೆ ಕಟ್ಟಿದೆ. ಎರಡನೆಯ ಚೌಕಟ್ಟು, ಮುತ್ತಾತ ಕುರ್ಚಿಯಲ್ಲಿ ಕುಳಿತದ್ದು, ಕೂದಲೆಳೆ ಕಾಣುವಂತೆ ಬಂತು. ಮೊದಲು ಇದನ್ನು ಮಾಡಿದ್ದರೆ ಎಂದು ಅನಿಸದ ದಿನವಿಲ್ಲ.

ಕಡತಕ್ಕೂ ಇದೇ ಸ್ಟ್ಯಾಂಡ್. ಒಂದೇ ಬೆಳಕನ್ನು ತೀರಾ ಕೆಳಗಿನಿಂದ, ಬಟ್ಟೆಯ ಮೈ ಸವರಿ ಹೋಗುವಂತೆ ಬಿಟ್ಟರೆ ಮಾಸಿದ ಬಳಪದ ಗೆರೆ ಎದ್ದು ಕಾಣುತ್ತದೆ. ನಾನು ಒರೆಸಿದ ಪುಟದಲ್ಲೂ ಹೀಗೆ ಹುಡುಕಿದೆ. ಎರಡು ಹೆಸರಿನ ಬಾಲ, ಮೂರು ಅಂಕಿ ಸಿಕ್ಕವು. ಉಳಿದವರ ಸಾಲ ಮನ್ನಾ.

ಬಿಡಿ ಫೋಟೋಗಳೆಲ್ಲ ಸ್ಕ್ಯಾನರಿನಲ್ಲಿ. ಪೋಸ್ಟ್ ಕಾರ್ಡಿನಷ್ಟು ದೊಡ್ಡವಕ್ಕೆ 600 ಡಿಪಿಐ (ಅಂಗುಲಕ್ಕೆ ಅಷ್ಟು ಚುಕ್ಕಿ), ಪಾಸ್‌ಪೋರ್ಟ್ ಅಳತೆಯವಕ್ಕೆ 1200. ನಾಲ್ಕು ಅಂಗುಲ ಆರು ಅಂಗುಲದ ಫೋಟೋ 600ರಲ್ಲಿ ಟಿಫ್ ಆಗಿ ಇಟ್ಟರೆ ಸುಮಾರು 26 ಎಂಬಿ. ಒಂದು ಭಾನುವಾರಕ್ಕೆ 40 ಆಗುತ್ತಿತ್ತು. ಹಿಂಬದಿಯಲ್ಲಿ ಏನಾದರೂ ಬರೆದಿದ್ದರೆ, ಮುದ್ರೆ ಇದ್ದರೆ ಅದಕ್ಕೂ ಒಂದು ಸ್ಕ್ಯಾನ್. ಬೇಸರದ ಕೆಲಸ, ಹೇಳುವಂಥದ್ದು ಏನೂ ಇಲ್ಲ.

ನೆಗೆಟಿವ್‌ಗಳು ಆರು ಸೆಂಟಿಮೀಟರಿನ ಚೌಕದವು, ಚಿಕ್ಕತಾತನ ಡಬ್ಬಿ ಕ್ಯಾಮೆರಾದ್ದು. ಟ್ಯಾಬ್ಲೆಟ್‌ನ ಬಿಳಿ ಪರದೆಯ ಮೇಲೆ ಇಟ್ಟು ತೆಗೆದರೆ ಪರದೆಯ ಚುಕ್ಕಿಗಳೂ ಬಂದವು. ಬೋರ್ಡ್ ಬರೆಯುವವರ ಬಳಿ 80 ರೂಪಾಯಿಗೆ ಹಾಲುಬಿಳಿ ಅಕ್ರಿಲಿಕ್ ತುಂಡು ತಂದು ಪರದೆಯಿಂದ ಎರಡು ಅಂಗುಲ ಮೇಲೆ ನಿಲ್ಲಿಸಿ, ಅದರ ಮೇಲೆ ನೆಗೆಟಿವ್ ಇಟ್ಟೆ. ಸರಿಯಾಯಿತು. ನಾಲ್ಕು ನೆಗೆಟಿವ್ ವಿನಿಗರ್ ವಾಸನೆ ಹೊಡೆಯುತ್ತಿದ್ದವು. ಹಳೆಯ ಫಿಲಂ ಕೊಳೆಯುವಾಗ ಬರುವ ವಾಸನೆ ಅದು, ಪಕ್ಕದವಕ್ಕೂ ಹರಡುತ್ತದೆ. ಅವನ್ನು ಮೊದಲು ಮುಗಿಸಿ ಬೇರೆ ಇಟ್ಟೆ.

5. ಜುಲೈ 27ರಿಂದ ಆಗಸ್ಟ್ 24: ಅಂಟು

ಮಡಿಕೆಯಲ್ಲಿ ಹರಿದ ಕಾಗದ ಹನ್ನೊಂದು. ಸೆಲ್ಲೋಟೇಪ್ ಹಚ್ಚಬಾರದೆಂದು ಗೊತ್ತಿತ್ತು, ಏಕೆಂದರೆ ಅಪ್ಪ ಎಂದೋ ಹಚ್ಚಿದ್ದು ಬೆಲ್ಲದ ಬಣ್ಣಕ್ಕೆ ತಿರುಗಿ, ಟೇಪು ಬಿದ್ದುಹೋಗಿ ಕಲೆ ಮಾತ್ರ ಉಳಿದಿತ್ತು. ಇನ್ನೊಂದು, ತಾತನ ಶಾಲೆಯ ಟಿ.ಸಿ. ಅದನ್ನು ಯಾವುದೋ ಅಂಗಡಿಯಲ್ಲಿ ಬಿಸಿ ಲ್ಯಾಮಿನೇಷನ್ ಮಾಡಿಸಿದ್ದರು. ಒಳಗೆ ಗಾಳಿಗುಳ್ಳೆ, ಶಾಯಿ ಹರಡಿದೆ. ಅದನ್ನು ಬಿಡಿಸುವ ದಾರಿ ಇಲ್ಲ, ಹಾಗೆಯೇ ಇಟ್ಟಿದ್ದೇನೆ.

ತೆಳು ಜಪಾನಿ ಟಿಶ್ಯೂ ಕಾಗದ ಐದು ಹಾಳೆ ಕೊರಿಯರ್ ಸೇರಿ 900 ರೂಪಾಯಿ. ಅಂಟಿಗೆ ಮೈದಾ ಕುದಿಸಿದೆ. ಗಂಟು ಗಂಟಾಯಿತು. ಸೋಸಿ ಹಚ್ಚಿದ ಪರೀಕ್ಷೆಯ ಹಾಳೆ ಮೂರನೆಯ ದಿನಕ್ಕೆ ಬಿರುಸಾಗಿ ಬಾಗಿತು, ಅಂಚಿಗೆ ಇರುವೆ ಬಂತು. ಪುಣ್ಯಕ್ಕೆ ಈ ಸಲ ಮೊದಲು ಬೇಡದ ಕಾಗದದ ಮೇಲೆ ನೋಡಿದ್ದೆ. ಗೋಧಿಯ ಪಿಷ್ಟ ಮಾತ್ರ ಬೇಕು, ಜಿಗುಟಿನ ಭಾಗ ಬೇಡ ಎಂದು ಓದಿದ್ದೆ. ಅದನ್ನು ಎಲ್ಲಿ ಕೊಳ್ಳುವುದೆಂದು ಹುಡುಕುತ್ತಿದ್ದಾಗ ಅಮ್ಮ, "ಅದೇನು ಗೋಧಿ ಹಾಲು ತಾನೆ? ಹಾಲುಬಾಯಿಗೆ ತೆಗೆಯುವುದಿಲ್ಲವೇ?" ಎಂದರು.

ಅಮ್ಮ ಮಾಡಿದ ರೀತಿ: ಒಂದು ಪಾವು ಗೋಧಿ ಎರಡು ರಾತ್ರಿ ನೆನೆಸಿ, ನೀರು ಬದಲಿಸುತ್ತಾ, ಒರಳಿನಲ್ಲಿ ರುಬ್ಬಿ, ತೆಳು ಬಟ್ಟೆಯಲ್ಲಿ ಹಿಂಡಿ. ಬಟ್ಟೆಯಲ್ಲಿ ಉಳಿದ ಜಿಗುಟು ಹಿಪ್ಪೆ ಹಸುವಿಗೆ. ಇಳಿದ ಹಾಲನ್ನು ಅಲುಗಿಸದೆ ರಾತ್ರಿಯಿಡೀ ಬಿಟ್ಟು, ಮೇಲಿನ ತಿಳಿ ಬಸಿದರೆ ತಳದಲ್ಲಿ ಸುಣ್ಣದಂಥ ಬಿಳಿ ಗಸಿ. ಮೂರು ಸಲ ಹೊಸ ನೀರು ಹಾಕಿ ಹೀಗೆಯೇ ಬಸಿದದ್ದಾಯಿತು. ಒಂದು ಚಮಚ ಗಸಿಗೆ ಐದು ಚಮಚ ನೀರು, ಸಣ್ಣ ಉರಿಯಲ್ಲಿ ಇಪ್ಪತ್ತು ನಿಮಿಷ, ಕೈ ಬಿಡದೆ ತಿರುವುತ್ತಾ. ಹಾಲಿನ ಬಿಳುಪು ಹೋಗಿ ಗಾಜಿನಂತೆ ಹೊಳೆದಾಗ ಇಳಿಸುವುದು. ತಣಿದ ಮೇಲೆ ಟೀ ಸೋಸುವ ಜರಡಿಯಲ್ಲಿ ಉಜ್ಜಿ ಸೋಸಿದರೆ ಬೆಣ್ಣೆ. ಹಚ್ಚುವಾಗ ಮತ್ತೆ ನೀರು ಬೆರೆಸಿ ಮಜ್ಜಿಗೆಯ ಹದಕ್ಕೆ ತಂದುಕೊಂಡೆ. ಟಿಶ್ಯೂ ಪಟ್ಟಿಯನ್ನು ಕತ್ತರಿಸದೆ, ಒದ್ದೆ ಬ್ರಷ್ಷಿನಲ್ಲಿ ಗೆರೆ ಎಳೆದು ಹರಿಯಬೇಕು. ಎಳೆ ಎಳೆಯಾದ ಅಂಚು ಕಾಗದಕ್ಕೆ ಚೆನ್ನಾಗಿ ಕೂರುತ್ತದೆ. ಶಾಯಿ ಕರಗುವುದೇ ಎಂದು ಒಂದು ಅಕ್ಷರದ ತುದಿಗೆ ಒದ್ದೆ ಹತ್ತಿ ತಾಗಿಸಿ ನೋಡಿದ ಮೇಲೆಯೇ ಕೈ ಹಾಕಿದೆ. ಹನ್ನೊಂದರಲ್ಲಿ ಎರಡರ ಶಾಯಿ ಕರಗುತ್ತಿತ್ತು. ಅವನ್ನು ಮುಟ್ಟಲಿಲ್ಲ. ಈ ಅಂಟು ಮೂರು ದಿನಕ್ಕೆ ಹಳಸುತ್ತದೆ, ಆದ್ದರಿಂದ ವಾರವಾರವೂ ಹೊಸದು. ಮಿಕ್ಕ ಗೋಧಿ ಹಾಲಿನಲ್ಲಿ ಅಮ್ಮ ನಿಜವಾಗಿಯೂ ಹಾಲುಬಾಯಿ ಮಾಡಿದರು.

ಕಾಗದ ಇಡಲು ಲಕೋಟೆಗಳ ಜೊತೆಗೆ ನಮ್ಮ ಅಂಗಡಿಯ ಸಾಮಾನೇ ಒದಗಿತು. ಮೋಟರಿನ ಸ್ಲಾಟಿಗೆ ಹಾಕುವ ಪಾಲಿಯೆಸ್ಟರ್ ಹಾಳೆಯನ್ನು ನಾವು ಮೈಲಾರ್ ಎನ್ನುತ್ತೇವೆ. ಪತ್ರಾಗಾರಗಳಲ್ಲಿ ಹಳೆಯ ಕಾಗದಗಳಿಗೆ ಕವಚ ಮಾಡುವುದೂ ಪಾಲಿಯೆಸ್ಟರ್ ಹಾಳೆಯಲ್ಲೇ. ಎರಡು ಹಾಳೆಗಳ ನಡುವೆ ಕಾಗದವಿಟ್ಟು, ಕಾಗದಕ್ಕೆ ತಾಗದಂತೆ ಅಂಚಿಗೆ ಮಾತ್ರ ಇಬ್ಬದಿ ಟೇಪು. ಬೇಕೆಂದಾಗ ಬಿಚ್ಚಬಹುದು. ಮೋಟರಿನ ಇನ್ಸುಲೇಷನ್ನಿಗೆ ಬಳಸುವ ಲೆದರಾಯ್ಡ್ ಕಾಗದದಲ್ಲಿ ಡಬ್ಬ ಮಾಡುವ ಯೋಚನೆಯೂ ಇತ್ತು. ಒದ್ದೆ ಹತ್ತಿಯಿಂದ ಒರೆಸಿದರೆ ಬಣ್ಣ ಬಿಟ್ಟಿತು, ಕೈಬಿಟ್ಟೆ.

6. ಆಗಸ್ಟ್ 31: ಒಂದು ಚುಕ್ಕಿಗೆ ಇಪ್ಪತ್ತಾರು ವರ್ಷ

ಮುತ್ತಾತ ಮತ್ತು ಅವರ ಅಣ್ಣಂದಿರ ಆಸ್ತಿ ವಿಭಾಗ ಪತ್ರದಲ್ಲಿ ಇಸವಿ ಇರಲಿಲ್ಲ, ಸಂವತ್ಸರ ಮಾತ್ರ. ನಾನು "ಪ್ರಮಾದಿ, ಮಾಘ" ಎಂದು ಓದಿದೆ. ಸಂವತ್ಸರ ಅರವತ್ತು ವರ್ಷಕ್ಕೊಮ್ಮೆ ಸುತ್ತುತ್ತದೆ. ಪ್ರಭವ 1987ರ ಯುಗಾದಿಗೆ ಶುರುವಾಗಿದ್ದು, ಅದರಿಂದ ಲೆಕ್ಕ ಹಾಕಿದರೆ ಪ್ರಮಾದಿ 1913 ಅಥವಾ 1973. 1973ಕ್ಕೆ ಮುತ್ತಾತ ಇರಲಿಲ್ಲ. ಹಾಗಾದರೆ 1913 ಎಂದು ಬರೆದು, ವಂಶಾವಳಿಯನ್ನೂ ಅದಕ್ಕೆ ತಕ್ಕಂತೆ ಜೋಡಿಸಿ, ಬಂಧುಗಳಿಗೆಲ್ಲ ಕಳಿಸಿಬಿಟ್ಟೆ.

ಹತ್ತು ದಿನದ ಮೇಲೆ ಅಪ್ಪ ಪತ್ರವನ್ನು ಪೂರ್ತಿ ಓದಿ, "ಇದರಲ್ಲಿ ನನ್ನ ಅಪ್ಪನನ್ನು ಮೈನರ್ ಎಂದು ಬರೆದಿದ್ದಾರಲ್ಲ" ಎಂದರು. ತಾತ ಹುಟ್ಟಿದ್ದು 1925, ಟಿ.ಸಿ. ಹೇಳುತ್ತದೆ. ಹುಟ್ಟುವುದಕ್ಕೆ ಹನ್ನೆರಡು ವರ್ಷ ಮೊದಲೇ ಮೈನರ್ ಆಗುವುದು ಹೇಗೆ? ಮೊಬೈಲಿನಲ್ಲಿ ದೊಡ್ಡದು ಮಾಡಿ ನೋಡಿದರೆ "ದಿ"ಯ ಹೊಟ್ಟೆಯೊಳಗೆ ಒಂದು ಚುಕ್ಕಿ. ಪ್ರಮಾದಿ ಅಲ್ಲ, ಪ್ರಮಾಥಿ. ಅದು ಶುರುವಾದದ್ದು 1939ರ ಯುಗಾದಿಗೆ. "ಹಾಗಾದರೆ 1939" ಎಂದೆ. "ಮಾಘ ಮಾಸ ಎಂದಿದೆ. ಅಷ್ಟರಲ್ಲಿ ಇಂಗ್ಲಿಷ್ ವರ್ಷ ಬದಲಾಗಿರುತ್ತದೆ, 1940" ಎಂದು ಅಪ್ಪ ಎರಡನೆಯ ತಪ್ಪನ್ನೂ ತಿದ್ದಿದರು. ಬಂಧುಗಳಿಗೆ ತಿದ್ದುಪಡಿ ಕಳಿಸಿದೆ. ಅದನ್ನು ಯಾರೂ ಓದಿದಂತಿಲ್ಲ, ಮೊನ್ನೆ ಒಂದು ಮದುವೆಯಲ್ಲಿ 1913ರ ಪಾಲಿನ ಮಾತೇ ನಡೆಯುತ್ತಿತ್ತು.

ಟಪಾಲಿನ ಇಸವಿ ಕಂಡುಹಿಡಿಯಲು ಅಂಚೆಚೀಟಿ ಸಾಕು. ಆಣೆಯ ಬೆಲೆ ಇದ್ದರೆ 1957ಕ್ಕಿಂತ ಹಳೆಯದು ಎಂದುಕೊಳ್ಳಬಹುದು, ಆ ವರ್ಷ ಏಪ್ರಿಲ್ 1ರಿಂದ ದಶಮಾಂಶ ನಾಣ್ಯ ಬಂತು. ಬೆಲೆ "ನಯಾ ಪೈಸೆ"ಯಲ್ಲಿದ್ದರೆ 1957ರಿಂದ 1964ರ ಆಸುಪಾಸು, ಆಮೇಲೆ "ನಯಾ" ಬಿಟ್ಟುಹೋಯಿತು. ವಿಳಾಸದಲ್ಲಿ ಬಂಗಾರಪೇಟೆಯನ್ನು ಬೌರಿಂಗ್‌ಪೇಟೆ ಎಂದು ಬರೆದ ಕಾರ್ಡುಗಳೂ ಇವೆ. ಆದರೆ ಹಳಬರು ಹೆಸರು ಬದಲಾದ ಮೇಲೂ ಹಾಗೆಯೇ ಬರೆಯುತ್ತಿದ್ದರು, ಅದನ್ನು ನಂಬಿ ಇಸವಿ ಹಾಕಲಿಲ್ಲ.

7. ಸೆಪ್ಟೆಂಬರ್: ಮುಳಬಾಗಿಲ ಅಜ್ಜಿ

ತಾತನ ಕೊನೆಯ ತಂಗಿಗೆ ಈಗ 84 ವರ್ಷ, ಮುಳಬಾಗಿಲಿನಲ್ಲಿದ್ದಾರೆ. ಫೋಟೋದಲ್ಲಿರುವವರ ಗುರುತು ಹೇಳಬಲ್ಲವರು ಅವರೊಬ್ಬರೇ.

ಮೊದಲ ಭಾನುವಾರ, "ಅಜ್ಜಿ, ಹಳೆಯ ಕಾಲದ್ದು ಏನಾದರೂ ಹೇಳಿ" ಎಂದು ಮೊಬೈಲು ಮುಂದಿಟ್ಟೆ. "ಹೇಳುವುದಕ್ಕೇನಿದೆಯಪ್ಪ, ರಾಗಿ ಬೀಸಿದೆವು, ನೀರು ಸೇದಿದೆವು" ಎಂದರು. ಮೂರು ನಿಮಿಷದ ರೆಕಾರ್ಡಿಂಗ್, ಅದರಲ್ಲಿ ಒಂದು ನಿಮಿಷ ಪಕ್ಕದ ಮನೆಯ ಮಿಕ್ಸಿ. ಎರಡನೆಯ ಸಲ ಫೋಟೋಗಳ ದೊಡ್ಡ ಪ್ರಿಂಟು ಒಯ್ದೆ. ಮಾತು ಹರಿಯಿತು. ಮನೆಗೆ ಬಂದು ನೋಡಿದರೆ ಹನ್ನೊಂದನೆಯ ನಿಮಿಷಕ್ಕೆ ಯಾರದೋ ಕರೆ ಬಂದು ರೆಕಾರ್ಡಿಂಗ್ ನಿಂತಿತ್ತು. ಉಳಿದ ಮುಕ್ಕಾಲು ಗಂಟೆ ಗಾಳಿಗೆ. ಮೂರನೆಯ ಸಲ ಮೊಬೈಲನ್ನು ಏರೋಪ್ಲೇನ್ ಮೋಡಿಗೆ ಹಾಕಿ, ಕೆಳಗೆ ಮಡಿಸಿದ ಟವೆಲ್ ಇಟ್ಟೆ. ಆದರೆ ಅಜ್ಜಿ, "ಅದನ್ನು ಮೊನ್ನೆಯೇ ಹೇಳಿದೆನಲ್ಲ" ಎಂದು ಅರ್ಧ ಕಥೆಗಳನ್ನು ಎರಡನೆಯ ಸಲ ಹೇಳಲೇ ಇಲ್ಲ.

ಸಿಕ್ಕಿದ್ದರಲ್ಲಿ ನನಗೆ ಇಷ್ಟವಾದದ್ದು ಕೆ.ಜಿ.ಎಫ್. ಪ್ರಯಾಣ. ಚಿಕ್ಕತಾತ ಚಾಂಪಿಯನ್ ರೀಫ್ ಗಣಿಯಲ್ಲಿ ಗುಮಾಸ್ತರಾಗಿದ್ದರು. ಅವರಿಗೆ ರಾಗಿಹಿಟ್ಟು, ಮಾವಿನ ಉಪ್ಪಿನಕಾಯಿ ಒಯ್ಯಲು ಅಜ್ಜಿ ಅಣ್ಣನ ಜೊತೆ ಕೋಲಾರದಿಂದ "ಚಿಕ್ಕ ರೈಲು" ಹತ್ತಿ ಬೌರಿಂಗ್‌ಪೇಟೆಯಲ್ಲಿ ಇಳಿದು, ಮಾರಿಕುಪ್ಪಂ ಗಾಡಿ ಹಿಡಿದು, ಚಾಂಪಿಯನ್‌ನಲ್ಲಿ ಇಳಿಯುತ್ತಿದ್ದರಂತೆ. ಚಿಕ್ಕ ರೈಲು ಏರಿನಲ್ಲಿ ಎಷ್ಟು ನಿಧಾನ ಎಂದರೆ, ಅಣ್ಣ ಇಳಿದು ಹೊಲದಲ್ಲಿ ಅವರೆಕಾಯಿ ಕಿತ್ತುಕೊಂಡು ಮತ್ತೆ ಹತ್ತುತ್ತಿದ್ದರಂತೆ. ಈಗ ಆ ಸಣ್ಣ ಗೇಜಿನ ಹಳಿ ಇಲ್ಲ, ಗಣಿಯೂ 2001ರ ಫೆಬ್ರವರಿ 28ಕ್ಕೆ ಮುಚ್ಚಿತು. ಕಥೆ ಬಿಸಿಯಾದಾಗಲೆಲ್ಲ ಅಜ್ಜಿ ತೆಲುಗಿಗೆ ಹೊರಳುತ್ತಾರೆ, ನಮ್ಮ ಕಡೆಯ ಮನೆಗಳಲ್ಲಿ ಅದು ಮಾಮೂಲು. ಹೇಳಿದ್ದನ್ನು ಹೇಳಿದ ಹಾಗೆಯೇ ಕನ್ನಡ ಲಿಪಿಯಲ್ಲಿ ಬರೆದುಕೊಂಡೆ.

ಒಂದು ತೊಡಕು ನಾನು ಎಣಿಸಿಯೇ ಇರಲಿಲ್ಲ. ಅಜ್ಜಿ ಗಂಡನ ಹೆಸರು ಹೇಳುವುದಿಲ್ಲ. ಮಾವನದೂ, ಭಾವನದೂ ಹೇಳುವುದಿಲ್ಲ. ಮನೆಗೆ ಬಂದು ರೆಕಾರ್ಡಿಂಗ್ ಕೇಳಿದರೆ "ಇವರು ನಿಂತಿದ್ದಾರೆ, ಅವರು ಬರಲಿಲ್ಲ, ಅವರ ಅಣ್ಣ ಎಂದರೆ ಇವರು" ಎಂಬ ದನಿ ಒಂದೂವರೆ ಗಂಟೆ. ಯಾರು ಯಾರೆಂದು ಬ್ರಹ್ಮನಿಗೂ ತಿಳಿಯದು. ಮುಂದಿನ ಸಲ ಗುಂಪು ಫೋಟೋಗಳ ಮೇಲೆ ಬಟರ್ ಪೇಪರ್ ಇಟ್ಟು, ತಲೆಗಳ ಗೆರೆ ತೆಗೆದು, ಒಂದೊಂದು ತಲೆಗೆ ಅಂಕಿ ಕೊಟ್ಟೆ. "ಇವರು ಎಂದರೆ ಎಷ್ಟನೆಯ ನಂಬರು ಅಜ್ಜಿ?" "ಏಳು." ಏಳರ ಹೆಸರನ್ನು ಅವರ ಮಗ ಹೇಳಿದರು.

8. ಅಕ್ಟೋಬರ್: ಹೆಸರು, ಪ್ರತಿ, ಖರ್ಚು

ಫೋಟೋದ ಹಿಂದೆ ಬಾಲ್‌ಪೆನ್ನಿನಲ್ಲಿ ಬರೆದರೆ ಮುಂದೆ ಉಬ್ಬು ಮೂಡುತ್ತದೆ. 6ಬಿ ಪೆನ್ಸಿಲ್, ಅಂಚಿನಲ್ಲಿ, ನಂಬರು ಮಾತ್ರ. ಉಳಿದ ವಿವರ ಲಕೋಟೆಯ ಮೇಲೆ, ಫೋಟೋ ಒಳಗಿಡುವ ಮೊದಲೇ ಬರೆಯುವುದು. ವಿವರಗಳ ಪಟ್ಟಿಯನ್ನು ಡಿಟಿಪಿ ಅಂಗಡಿಯಲ್ಲಿ ಟೈಪು ಮಾಡಿಸಿದೆ. ಎಲ್ಲ ಕಂಪ್ಯೂಟರಿನಲ್ಲೂ ಕನ್ನಡವಾಗಿಯೇ ತೆರೆಯುವ ಯೂನಿಕೋಡಿನಲ್ಲಿ ಬೇಕು ಎಂದು ಹೇಳುವುದು ಮರೆತೆ. ನನ್ನ ಕಂಪ್ಯೂಟರಿನಲ್ಲಿ ತೆರೆದರೆ ತಲೆಬುಡವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿ. ಇನ್ನೊಂದು ವಾರ ಅದನ್ನು ಬದಲಿಸುವುದಕ್ಕೆ ಹೋಯಿತು.

ಪ್ರತಿ ಮೂರು: ನನ್ನ ಕಂಪ್ಯೂಟರಿನಲ್ಲಿ, ಹಾರ್ಡ್ ಡಿಸ್ಕಿನಲ್ಲಿ, ಹೊಸೂರಿನ ತಂಗಿಯ ಮನೆಯಲ್ಲಿ ಪೆನ್‌ಡ್ರೈವ್. ವಾಟ್ಸಾಪಿನಲ್ಲಿ ಸುಮ್ಮನೆ ಫೋಟೋ ಎಂದು ಕಳಿಸಿದರೆ ಕುಗ್ಗುತ್ತದೆ, ಡಾಕ್ಯುಮೆಂಟ್ ಎಂದು ಕಳಿಸಬೇಕು.

ಖರ್ಚು: ಸ್ಕ್ಯಾನರ್ 2,800, ಹಾರ್ಡ್ ಡಿಸ್ಕ್ 4,300, ಪೆನ್‌ಡ್ರೈವ್ 450, ಅಕ್ರಿಲಿಕ್ 80, ಕಪ್ಪು ಬಟ್ಟೆ 160, ಬ್ರಷ್ 60, ಪೆನ್ಸಿಲ್ 30, ಲಕೋಟೆ 700, ಟಿಶ್ಯೂ 900, ಅಜ್ಜಿಗೆ ತೋರಿಸಲು ದೊಡ್ಡ ಪ್ರಿಂಟುಗಳು 1,800. ಒಟ್ಟು 11,280 ರೂಪಾಯಿ. ಮೈಲಾರ್, ಬ್ಯಾಟರಿ, ಡ್ರಿಲ್ ಸ್ಟ್ಯಾಂಡ್ ಅಂಗಡಿಯವು. ಗೋಧಿ ಅಮ್ಮನದು.

9. ನವೆಂಬರ್ 9: ತುಕ್ಕು

ಗುರುತು ಸಿಗದ ಫೋಟೋ ಇಪ್ಪತ್ಮೂರು ಉಳಿದವು. ಯಾವುದು ಯಾವ ಗಂಟಿನದೆಂದು ಗೊತ್ತಿದ್ದರೆ ಅರ್ಧದಷ್ಟಾದರೂ ಬಗೆಹರಿಯುತ್ತಿದ್ದವು. ಅವುಗಳಲ್ಲಿ 41ನೆಯದು ಸ್ಟುಡಿಯೋದಲ್ಲಿ ತೆಗೆದದ್ದು: ಪರದೆಯಲ್ಲಿ ಕೊಳ, ಕಮಾನು, ಅದರ ಮುಂದೆ ಸೈಕಲ್ ಹಿಡಿದು ನಿಂತ ಯುವಕ, ಕ್ರಾಪು ಎಣ್ಣೆಯಲ್ಲಿ ಮಿಂಚುತ್ತಿದೆ. ಅಜ್ಜಿಗೆ ತೋರಿಸಿದಾಗ, "ಯಾರೋ ಏನೋ" ಎಂದು ಮುಂದಿನದಕ್ಕೆ ಹೋಗಿದ್ದರು.

ಲಕೋಟೆಗೆ ಹಾಕುವಾಗ ಅದರ ಬಿಳಿ ಅಂಚಿನಲ್ಲಿ ಎರಡು ಸೂಜಿ ತೂತು ಕಂಡವು, ಸುತ್ತ ತುಕ್ಕಿನ ಕಂದು ಕಲೆ. ಎಂದೋ ಗುಂಡುಸೂಜಿಯಿಂದ ಯಾವುದಕ್ಕೋ ಚುಚ್ಚಿಟ್ಟಿದ್ದ ಗುರುತು. ಅಂಗಡಿಯಿಂದ ವರ್ನಿಯರ್ ತಂದು ಅಳೆದೆ: ತೂತುಗಳ ನಡುವೆ 9.2 ಮಿಲಿಮೀಟರ್. ಟಪಾಲು 61ನ್ನೂ ಹರಡಿ ತೂತುಗಳನ್ನು ಹುಡುಕಿದೆ. ಹದಿನಾಲ್ಕಕ್ಕೆ ತೂತಿತ್ತು, 9.2ರ ಅಂತರ ಇದ್ದದ್ದು ಒಂದಕ್ಕೆ. ಫೋಟೋವನ್ನು ಅದರ ಮೇಲಿಟ್ಟು ಅಕ್ರಿಲಿಕ್ಕಿನ ಬೆಳಕಿಗೆ ಹಿಡಿದರೆ ತುಕ್ಕಿನ ಕಲೆಯೂ ಒಂದರ ಮೇಲೊಂದು ಕೂತಿತು. ನಾನು ಚಾಪೆಯ ಮೇಲೆ ಸುರಿದು ಬೇರೆ ಮಾಡಿದ್ದ ಜೋಡಿ.

ಚಾಂಪಿಯನ್ ರೀಫ್‌ನಿಂದ ಚಿಕ್ಕತಾತ ಅಣ್ಣನಿಗೆ ಬರೆದ ಪತ್ರ ಅದು. ತಾರೀಖು ಇದೆ, ಇಸವಿ ಇಲ್ಲ. ಲಕೋಟೆಯ ಅಂಚೆಚೀಟಿ ನಯಾ ಪೈಸೆಯದು. "ಹುಡುಗನ ಫೋಟೋ ಇಟ್ಟಿದ್ದೇನೆ. ಕೆಲಸ ಖಾಯಂ ಆಗಿದೆ. ತಂಗಿಗೂ ತೋರಿಸು, ಅವಳ ಮಾತನ್ನೂ ಕೇಳು." ಅಜ್ಜಿಯ ಮದುವೆ 1960ರಲ್ಲಿ, ಮುಳಬಾಗಿಲಿಗೆ.

ಮಧ್ಯಾಹ್ನದ ಬಸ್ಸಿಗೆ ಮುಳಬಾಗಿಲಿಗೆ ಹೋದೆ. ಪತ್ರ ಓದಿ ಹೇಳಿದೆ, ಫೋಟೋ ಕೈಗೆ ಕೊಟ್ಟೆ. ಅಜ್ಜಿ ಕನ್ನಡಕ ಏರಿಸಿ ನೋಡಿದರು, ಒಳಗೆ ಸೊಸೆ ಇದ್ದಾಳೆಯೇ ಎಂದು ಕಣ್ಣಿನಲ್ಲೇ ನೋಡಿಕೊಂಡರು, ಆಮೇಲೆ ಹೆಸರು ಹೇಳಿದರು. ಅರವತ್ತು ವರ್ಷ ಸಂಸಾರ ಮಾಡಿದ ಗಂಡನ ಹೆಸರನ್ನು ಒಮ್ಮೆಯೂ ಬಾಯಿಬಿಟ್ಟು ಹೇಳದವರು, ಈ ಹೆಸರನ್ನು ತಟ್ಟನೆ, ಇನಿಷಿಯಲ್ ಸಮೇತ ಹೇಳಿದರು. "ಸೈಕಲ್ ಅವರದಲ್ಲ, ಸ್ಟುಡಿಯೋದ್ದು" ಎಂದೂ ಸೇರಿಸಿದರು. ಆಮೇಲೆ, "ಗ್ರೂಪಿಗೆ ಹಾಕಬೇಡ" ಎಂದರು.

ರೆಕಾರ್ಡರ್ ಹಾಕಿರಲಿಲ್ಲ. ಈ ಸಲ ಮರೆತಿರಲಿಲ್ಲ, ಹಾಕಲಿಲ್ಲ ಅಷ್ಟೆ. ಮನೆಗೆ ಬಂದು ಪತ್ರವನ್ನೂ ಫೋಟೋವನ್ನೂ ಒಂದೇ ಮೈಲಾರ್ ಕವಚದಲ್ಲಿ, ನಡುವೆ ಬಿಳಿ ಹಾಳೆ ಇಟ್ಟು, ಸೇರಿಸಿದೆ. ಲಕೋಟೆಯ ಮೇಲೆ 6ಬಿ ಪೆನ್ಸಿಲಿನಲ್ಲಿ ಬರೆದದ್ದು: "ನಂ. 41. 1957ರಿಂದ 1960ರ ನಡುವೆ. ಚಾಂಪಿಯನ್ ರೀಫ್ ಪತ್ರದ ಜೊತೆಯದು, ಬೇರೆ ಮಾಡಬಾರದು. ಹೆಸರು: ಮುಳಬಾಗಿಲ ಅಜ್ಜಿಗೆ ಗೊತ್ತು."